ಕೀವು ಎಲ್ಲಿಯವರೆಗೆ ಹೋಗಿದೆ? ಮ್ಯಾಸ್ಟಾಯ್ಡ್ ಚಾರ್ಟ್‌ಗಳನ್ನು ನಾನು ಓದುವ ಬಗೆ

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ, ಅಂದರೆ ರೋಗಿಗಳ ದಾಖಲೆಗಳಿಗೆ, ರೋಗವನ್ನೂ ಚಿಕಿತ್ಸೆಯನ್ನೂ ಸೂಚಿಸುವ ಕೋಡ್ ಹಾಕುವುದು ನನ್ನ ಕೆಲಸ. ಅವುಗಳಲ್ಲಿ ನಾನು ತೀರಾ ನಿಧಾನವಾಗಿ ಓದುವುದು ಮ್ಯಾಸ್ಟಾಯ್ಡ್ ಸೋಂಕಿನ ಚಾರ್ಟ್‌ಗಳನ್ನು. ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಮೂಳೆಯೇ ಮ್ಯಾಸ್ಟಾಯ್ಡ್. ಅದರ ಒಳಗೆ ಜೇನುಗೂಡಿನಂತೆ ಗಾಳಿಯ ಕೋಶಗಳಿವೆ. ನಡುಗಿವಿಯ ಸೋಂಕು ಅಲ್ಲಿಗೆ ಹರಡಿ, ಕೀವು ಕಟ್ಟಿ, ಕೋಶಗಳ ಗೋಡೆಗಳನ್ನೇ ಕರಗಿಸಬಲ್ಲದು. ಮಿದುಳಿನ ಪೊರೆ, ದೊಡ್ಡ ರಕ್ತನಾಳ, ಮುಖದ ನರ ಎಲ್ಲವೂ ಪಕ್ಕದಲ್ಲೇ ಇವೆ. ಆದ್ದರಿಂದ ಚಾರ್ಟ್ ತೆರೆದೊಡನೆ ನಾನು ಹುಡುಕುವುದು ಕೀವು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು.

ಮೊದಲು ವೈದ್ಯರ ಪರೀಕ್ಷೆಯ ಟಿಪ್ಪಣಿ. ಹೆಚ್ಚಾಗಿ ಪುಟ್ಟ ಮಕ್ಕಳು: ಜ್ವರ, ಕಿವಿಯ ಹಿಂದೆ ಕೆಂಪು ಊತ, ಮುಟ್ಟಿದರೆ ನೋವು, ಮುಂದಕ್ಕೆ ಬಾಗಿದ ಕಿವಿಯ ಹಾಲೆ. ಆಮೇಲೆ ಸಿಟಿ ಸ್ಕ್ಯಾನ್ ವರದಿ. ಇಲ್ಲಿ ಎಚ್ಚರ ಬೇಕು. ತಲೆನೋವಿಗೆಂದು ಮಾಡಿಸಿದ ಎಂಆರ್‌ಐನಲ್ಲಿ ‘ಮ್ಯಾಸ್ಟಾಯ್ಡ್ ಕೋಶಗಳಲ್ಲಿ ದ್ರವ’ ಎಂದಿರುತ್ತದೆ. ಅಷ್ಟರಿಂದಲೇ ಅದು ಸೋಂಕಾಗುವುದಿಲ್ಲ. ಎಷ್ಟೋ ಸಲ ರೋಗಿಗೆ ಕಿವಿಯ ತೊಂದರೆಯೇ ಇರುವುದಿಲ್ಲ. ಒಳರೋಗಿಯ ಚಾರ್ಟ್‌ನಲ್ಲಿ ರೇಡಿಯಾಲಜಿಸ್ಟ್‌ರ ಒಂದು ಸಾಲನ್ನೇ ನಂಬಿ ನಾನು ರೋಗದ ಕೋಡ್ ಹಾಕುವುದಿಲ್ಲ. ಚಿಕಿತ್ಸೆ ನೀಡಿದ ವೈದ್ಯರೇ ಅದನ್ನು ಬರೆದಿರಬೇಕು. ಬರೆಯದಿದ್ದರೆ ಕ್ವೆರಿ ಕಳುಹಿಸುತ್ತೇನೆ: ಜ್ವರ, ಊತ, ಸ್ಕ್ಯಾನ್, ಕೊಟ್ಟ ಔಷಧಿ ಎಲ್ಲವನ್ನೂ ಮುಂದಿಟ್ಟು ಅವರ ನಿರ್ಣಯ ಕೇಳುತ್ತೇನೆ. ರೋಗದ ಹೆಸರನ್ನು ನಾವೇ ಅವರ ಬಾಯಿಗೆ ಹಾಕಬಾರದು.

ರೋಗಗಳ ಕೋಡ್‌ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ತೊಡಕಿಲ್ಲದ ತೀವ್ರ ಸೋಂಕಿಗೆ ಎಚ್70.00, ಮೂಳೆಯ ಹೊರಪೊರೆಯ ಅಡಿ ಕೀವುಗುಳ್ಳೆಯಾಗಿದ್ದರೆ ಎಚ್70.01, ಬೇರೆ ತೊಡಕಿದ್ದರೆ ಎಚ್70.09. ಇವುಗಳಿಗೆ ಆರನೆಯ ಸ್ಥಾನದಲ್ಲಿ ಬಲಗಿವಿಗೆ 1, ಎಡಗಿವಿಗೆ 2, ಎರಡಕ್ಕೂ 3. ಮಿದುಳಿನ ಸಿರೆಯಲ್ಲಿ ಸೋಂಕಿನ ಹೆಪ್ಪು ಕಟ್ಟಿದ್ದರೆ ಅದಕ್ಕೆ ಜಿ08 ಪ್ರತ್ಯೇಕವಾಗಿ ಬರಬೇಕು. ದೀರ್ಘಕಾಲದ ಸೋಂಕು ಎಚ್70.1ಕ್ಕೆ ಸೇರುತ್ತದೆ, ಅಲ್ಲಿ ಕಿವಿಯ ಪಕ್ಕವನ್ನು ಐದನೆಯ ಸ್ಥಾನವೇ ಹೇಳುತ್ತದೆ. ಕ್ಷಯದಿಂದ ಬಂದ ಸೋಂಕಾದರೆ ಈ ಅಧ್ಯಾಯವನ್ನೇ ಬಿಟ್ಟು ಎ18.03ಕ್ಕೆ ಹೋಗಬೇಕು.

ಚಿಕಿತ್ಸೆಯ ಭಾಗದಲ್ಲಿ ಅಭಿಧಮನಿಯ ಮೂಲಕ ಆ್ಯಂಟಿಬಯಾಟಿಕ್, ಕೀವು ಇಳಿಯಲು ಕಿವಿತಮಟೆಗೆ ರಂಧ್ರ, ಇದರಿಂದ ಗುಣವಾಗದಿದ್ದರೆ ಮೂಳೆಯ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸಕರ ಬಿಲ್‌ನ ಸಿಪಿಟಿ ಕೋಡ್‌ಗಾಗಿ (ಮಾಡಿದ ಚಿಕಿತ್ಸೆಯನ್ನು ಸೂಚಿಸುವ ಕೋಡ್) ಆಪರೇಷನ್ ಟಿಪ್ಪಣಿಯ ಶೀರ್ಷಿಕೆಯನ್ನಷ್ಟೇ ನೋಡಿದರೆ ಸಾಲದು. ಸರಳ ಮ್ಯಾಸ್ಟಾಯ್ಡೆಕ್ಟಮಿ (ಈ ಮೂಳೆಯ ಕೋಶಗಳನ್ನು ತೆರವು ಮಾಡುವ ಶಸ್ತ್ರಚಿಕಿತ್ಸೆ) 69501, ಸಂಪೂರ್ಣವಾದದ್ದು 69502, ಮಾರ್ಪಡಿಸಿದ ರ‍್ಯಾಡಿಕಲ್ 69505. ಎಷ್ಟು ಕೋಶಗಳನ್ನು ತೆರವು ಮಾಡಿದರು, ಕಿವಿಯ ನಾಳದ ಹಿಂಗೋಡೆಯನ್ನು ತೆಗೆದರೇ ಎಂಬುದು ಟಿಪ್ಪಣಿಯ ನಡುವಿನ ಸಾಲುಗಳಲ್ಲಿರುತ್ತದೆ. ತಮಟೆಯನ್ನೂ ಅದೇ ವೇಳೆ ಸರಿಪಡಿಸಿದ್ದರೆ 69641ರಿಂದ 69646ರವರೆಗಿನ ಕೋಡ್‌ಗಳನ್ನು ನೋಡಬೇಕು.

ಪಕ್ಕ ಗೊತ್ತಿಲ್ಲವೆಂದು ಹೇಳುವ 9 ಎಂಬ ಅಂಕಿ ನನಗೆ ಹಿಡಿಸುವುದಿಲ್ಲ. ಮೂಳೆ ಕೊರೆದವರಿಗೆ ಯಾವ ಕಿವಿಯೆಂದು ತಿಳಿದೇ ಇರುತ್ತದೆ. ಅದನ್ನು ಹಾಕುವ ಮೊದಲು ಒಪ್ಪಿಗೆ ಪತ್ರವನ್ನೂ ಅರಿವಳಿಕೆಯ ದಾಖಲೆಯನ್ನೂ ಓದುತ್ತೇನೆ, ನಂತರ ವೈದ್ಯರನ್ನೇ ಕೇಳುತ್ತೇನೆ.