ಒಲೆ ಹಚ್ಚದೆ ನಲವತ್ತು ಮಂದಿಗೆ ಊಟ: ನನ್ನ ಅನುಭವ

ಮಂದಿ ಬಂದ ಮೇಲೆ ಒಲೆಯನ್ನೇ ಹಚ್ಚದೆ ನಲವತ್ತು ಜನರಿಗೆ ಊಟ ಹಾಕುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ವೈನಿ, ಮನಿಗೆ ಕರದು ಆರಿದ ಊಟ ಹಾಕಿದ್ರ ಮಂದಿ ಏನಂತಾರ?" ಅಂತ ನಾದಿನಿ ಎದುರಿಗೇ ಕೇಳಿದಳು. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ, ಜನವರಿಯಲ್ಲಿ, ಧಾರವಾಡದ ಮನೆಯಲ್ಲಿ ಹಾಗೇ ಮಾಡಿದೆ. ಸಂಜೆ ಆರೂವರೆಗೆ ಇಳಕಲ್ಲ ಸೀರೆ ಉಟ್ಟು ಅಂಗಳಕ್ಕೆ ಬಂದವಳು, ಕಡೆಯವರು ಹೋಗುವತನಕ ಮಂದಿಯ ನಡುವೆಯೇ ಇದ್ದೆ. ಈಗ ನಾದಿನಿಯೇ ತನ್ನ ಮಗನ ಹುಟ್ಟುಹಬ್ಬಕ್ಕೆ ನನ್ನ ಪಟ್ಟಿ ಕೇಳಿದ್ದಾಳೆ. ಕೇಳುವವರು ಇನ್ನೂ ಮೂರು ನಾಲ್ಕು ಮಂದಿ ಆಗಿದ್ದಕ್ಕೆ ಬರೆದೇ ಬಿಡೋಣ ಅನಿಸಿತು.

ಇದಕ್ಕೂ ಮೊದಲು ಎಲ್ಲ ದಾರಿ ನೋಡಿದ್ದೇವೆ. ಮನೆ ಪ್ರವೇಶದ ವರ್ಷ ಕೇಟರಿಂಗಿಗೆ ಕೊಟ್ಟೆವು. ಪ್ಲೇಟಿಗೆ ಹತ್ತಿರಹತ್ತಿರ 280 ರೂಪಾಯಿ, ಐವತ್ತು ಪ್ಲೇಟಿಗಿಂತ ಕಡಿಮೆಗೆ ಮಾಡುವುದಿಲ್ಲ ಅಂದರು. ಎಲ್ಲ ಸೇರಿ 14 ಸಾವಿರದ ಮೇಲೆ ಹೋಯಿತು. ಎಂಟಕ್ಕೆ ಬರಬೇಕಾದ ಊಟ ಒಂಬತ್ತೂವರೆಗೆ ಬಂತು. ದುಡ್ಡು ಕೊಟ್ಟೂ ನಾನು ಗೇಟಿನ ಹತ್ತಿರ ಫೋನ್ ಹಿಡಿದು ನಿಂತದ್ದೇ ಆಯಿತು. ಅದರ ಮುಂದಿನ ಸಲ ಮನೆಯಲ್ಲೇ ಬಿಸಿಬಿಸಿ ಚಪಾತಿ ಮಾಡಿದೆವು. ನಾನು, ಅತ್ತೆ, ಪಕ್ಕದ ಮನೆಯ ಅಕ್ಕ ಮೂವರೂ ಹೆಂಚಿನ ಮುಂದೆ ನಿಂತೇ ಪಾರ್ಟಿ ಮುಗಿಯಿತು. ಫೋಟೋದಾಗ ಮೂವರಲ್ಲಿ ಒಬ್ಬರೂ ಇಲ್ಲ. ಆಮೇಲೆ 'ಒಬ್ಬೊಬ್ಬರು ಒಂದೊಂದು ತರ್ರಿ' ಅನ್ನುವುದನ್ನೂ ಮಾಡಿ ನೋಡಿದೆ. ನಾಲ್ಕು ಮನೆಯವರು ಚಿತ್ರಾನ್ನ ತಂದರು, ಪಲ್ಯ ಯಾರೂ ತರಲಿಲ್ಲ. ಯಾರ ಡಬ್ಬಿ ಖಾಲಿ ಆಯಿತು, ಯಾರದು ಉಳಿಯಿತು ಅನ್ನುವುದು ಒಬ್ಬರಿಗೊಬ್ಬರು ಮನಸ್ಸಿಗೆ ಹಚ್ಚಿಕೊಳ್ಳುವ ಮಾತಾಯಿತು. ಆ ದಾರಿ ನನಗೆ ಬೇಡವೇ ಬೇಡ.

ಉಪಾಯ ಹೊಳೆದದ್ದು ತವರಿನಲ್ಲಿ. ನಮ್ಮದು ಅಣ್ಣಿಗೇರಿ ಕಡೆ ಎರಿ ಹೊಲ, ಅಂದರೆ ಕರಿ ಮಣ್ಣಿನದು. ಎಳ್ಳ ಅಮಾವಾಸ್ಯೆಗೆ ಬೆಳಿಗ್ಗೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಎರಡಕ್ಕೆ, ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಜೋಳದ ನಡುವೆ ಕೂತು ಉಣ್ಣುತ್ತೇವೆ. ಅಲ್ಲಿ ಬಿಸಿದು ಬೇಕು ಅಂತ ಇವತ್ತಿಗೂ ಯಾರೂ ಕೇಳಿದ್ದಿಲ್ಲ. ಬಡಿಸುವವರೂ ಬೇರೆ ಇಲ್ಲ, ಬುಟ್ಟಿ ನಡುವೆ ಇಟ್ಟರೆ ಮುಗಿಯಿತು. ಮನೆಗಿಂತ ಅಲ್ಲಿ ಎರಡು ರೊಟ್ಟಿ ಹೆಚ್ಚೇ ಇಳಿಯುತ್ತವೆ. ಇದೇ ಊಟವನ್ನು ಅಂಗಳಕ್ಕೆ ತಂದರೆ ಸಾಕು ಅಂತ ಅವತ್ತೇ ಗಟ್ಟಿಮಾಡಿದೆ. ಇವತ್ತು ಮಾಡಿ ನಾಳೆ ಉಂಡರೆ ರುಚಿ ಕಡಿಮೆ ಆಗಬಾರದು, ಆದರೆ ಹೆಚ್ಚೇ ಆಗಬೇಕು. ಈ ಒಂದು ಪರೀಕ್ಷೆಯಲ್ಲಿ ಪಾಸಾಗದ ಯಾವ ಪದಾರ್ಥವನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಲಿಲ್ಲ.

ಕಡಕ್ ರೊಟ್ಟಿ ಕಣ್ಣುಮುಚ್ಚಿ ಪಾಸು. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಬಡಿದು ಮಾರುವ ಅಕ್ಕನೊಬ್ಬಳಿಗೆ ವಾರ ಮೊದಲೇ ಹೇಳಿ 130 ತರಿಸಿದೆ, ಒಂದಕ್ಕೆ ಏಳು ರೂಪಾಯಿಯಂತೆ. ಹಲ್ಲಿಲ್ಲದ ಹಿರಿಯರು ಏನು ಮಾಡಬೇಕು ಅನ್ನುವುದು ಅತ್ತೆಯ ತಕರಾರು; ನ್ಯಾಯವಾದದ್ದೇ. ಅದಕ್ಕೆ ಇಪ್ಪತ್ತು ರೊಟ್ಟಿ ಬೇರೆ ತೆಗೆದು, ನೀರು ಚಿಮುಕಿಸಿ, ಹಿಂಡಿದ ಒದ್ದೆ ಪಂಚೆಯಲ್ಲಿ ಸುತ್ತಿಟ್ಟೆ. ಹತ್ತು ಹದಿನೈದು ನಿಮಿಷಕ್ಕೆ ಮಡಚಿದರೂ ಮುರಿಯದ ಹಾಗೆ ಮೆತ್ತಗಾದವು. ಇದನ್ನು ಮಧ್ಯಾಹ್ನವೇ ಮಾಡಿಡಬೇಡಿ, ಒಂದಕ್ಕೊಂದು ಅಂಟುತ್ತವೆ. ಮೊದಲ ಮಂದಿ ತಾಟು ಹಿಡಿದಾಗ ಸುತ್ತಿದರೆ ಸರಿ.

ಎಣ್ಣೆಗಾಯಿ ಹಿಂದಿನ ರಾತ್ರಿಯೇ ಮಾಡಿದೆ. ನಾಲ್ಕು ಕಿಲೊ ಸಣ್ಣ ಗುಂಡು ಬದನಿಕಾಯಿ, ತಲೆಗೆ ಎರಡು ಹಿಡಿದರೂ ಉಳಿಯಿತು. ಮಸಾಲೆಗೆ ಹಸಿ ಕೊಬ್ಬರಿ ಮುಟ್ಟಿಸಲಿಲ್ಲ, ಅದು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಹಳಸುವ ಭಯ. ಶೇಂಗಾ, ಎಳ್ಳು, ಗುರೆಳ್ಳು, ಒಣ ಕೊಬ್ಬರಿ, ಬ್ಯಾಡಗಿ ಖಾರ, ಹುಣಸೆಹುಳಿ, ಬೆಲ್ಲ. ಎಣ್ಣೆಗೆ ಜಿಪುಣತನ ಬೇಡ. ಮೇಲೆ ಎಣ್ಣೆ ಒಂದು ಪದರ ನಿಂತಿರಬೇಕು. ಜೊತೆಗೆ ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಒಂದು ದೊಡ್ಡ ಬುಟ್ಟಿಯಲ್ಲಿ ತೊಳೆದ ಮೆಂತೆಸೊಪ್ಪು, ಹಕ್ಕರಕಿ, ಗಜ್ಜರಿ, ಸೌತಿಕಾಯಿ, ಹೆಚ್ಚದ ಉಳ್ಳಾಗಡ್ಡಿ. ಮೊಸರನ್ನಕ್ಕೆ ಮಧ್ಯಾಹ್ನ ಮೂರಕ್ಕೆ ಹಾಲನ್ನೇ ಹೆಚ್ಚು ಹಾಕಿ, ಮೊಸರು ಎರಡು ಸೌಟು ಮಾತ್ರ ಕಲಸಿದೆ. ಎಂಟಕ್ಕೆ ಹದವಾಗಿ ಹುಳಿ ಬಂದಿತ್ತು.

ನಿಜವಾದ ಗುದ್ದಾಟ ಇದ್ದದ್ದು ಗಿರ್ಮಿಟ್ಟಿನದು, ಅಂದರೆ ಒಗ್ಗರಣೆ ಹಾಕಿ ಕಲಸಿದ ಚುರುಮುರಿಯದು. ಬಂದವರಿಗೆ ಕೂತ ತಕ್ಷಣ ಕೈಗೆ ಏನಾದರೂ ಕೊಡಬೇಕು, ನಮ್ಮ ಕಡೆ ಅದು ಗಿರ್ಮಿಟ್ಟೇ ಆಗಬೇಕು. ಒಗ್ಗರಣೆ ಬೆಳಿಗ್ಗೆಯೇ ಮಾಡಿಡಬಹುದು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ, ಹುಣಸೆಹುಳಿ, ಬೆಲ್ಲ ಕುದಿದು ಎಣ್ಣೆ ಬಿಟ್ಟುಕೊಂಡರೆ ಸಂಜೆಗೆ ಏನೂ ಆಗುವುದಿಲ್ಲ. ತೊಂದರೆ ಚುರುಮುರಿಯದು. ಹಿಂದೊಮ್ಮೆ ಎರಡು ಕಿಲೊ ಚುರುಮುರಿಯನ್ನು ಒಂದೇ ಸಲ ಕಲಸಿದಾಗ, ಬಂದವರು 'ಆರಾಮ ಅದೀರೇನ್ರಿ' ಅನ್ನುವಷ್ಟರಲ್ಲಿ ಮುದ್ದೆಯಾಗಿತ್ತು. ಇನ್ನೊಮ್ಮೆ ಎಲ್ಲ ಬೇರೆಬೇರೆ ಬಟ್ಟಲಲ್ಲಿ ಇಟ್ಟು 'ನೀವೇ ಕಲಸಿಕೊಳ್ಳಿರಿ' ಅಂದೆ. ಒಬ್ಬರ ಪ್ಲೇಟಿನಲ್ಲಿ ಬರೀ ಹುಳಿ, ಇನ್ನೊಬ್ಬರದರಲ್ಲಿ ಬರೀ ಹಿಟ್ಟು. ಈ ಸಲ ಅಂಗಳದ ಮೂಲೆಯಲ್ಲಿ ಒಂದು ಪರಾತ ಇಟ್ಟು, ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಜವಾಬ್ದಾರಿ ಕೊಟ್ಟೆ. ಒಂದು ಸಲಕ್ಕೆ ಐದಾರು ಮಂದಿಗೆ ಮಾತ್ರ. ಮೊದಲು ಒಣ ಚುರುಮುರಿಗೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕೈಯಾಡಿಸಬೇಕು, ಒಗ್ಗರಣೆ ಅದರ ಮೇಲೆ. ಎಲ್ಲರೂ ಒಗ್ಗರಣೆ ಮೊದಲು ಹಾಕುತ್ತಾರೆ. ತಿರುವು ಮುರುವು ಮಾಡಿ ನೋಡಿ, ಹಿಟ್ಟು ಹಸಿಯನ್ನು ಹೀರಿ ಚುರುಮುರಿ ಇನ್ನೂ ಐದು ನಿಮಿಷ ಗರಿಯಾಗಿ ನಿಲ್ಲುತ್ತದೆ. ಕಡೆಗೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಒಗ್ಗರಣೆ ಇಳಿಸುವ ಮುಂಚೆ ಇನ್ನೊಂದು ಸಾಮಾನು ಚಿಟಿಕೆಯಷ್ಟು ಹಾಕುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ನಾದಿನಿಗೂ ಹೇಳಿಲ್ಲ.

ಗಿರ್ಮಿಟ್ ಅಂದ ಮೇಲೆ ಮಿರ್ಚಿ ಎಲ್ಲಿ ಅಂತ ಕೇಳೇ ಕೇಳುತ್ತಾರೆ. ಗಾಡಿಯವರೊಬ್ಬರನ್ನು ಮನೆಗೇ ಕರೆಸಿ ಅಂಗಳದಲ್ಲೇ ಮಿರ್ಚಿ ಭಜಿ ಬಿಡಿಸಿದ್ದೂ ಉಂಟು. ರುಚಿಗೆ ಎರಡು ಮಾತಿಲ್ಲ. ಆದರೆ ಎಲ್ಲರೂ ಬಾಂಡೆಲಿಯ ಸುತ್ತ ನಿಂತರು, ಎಣ್ಣೆ ಹೊಗೆ ಒಳಮನೆ ತುಂಬಿತು, 1,500 ರೂಪಾಯಿ ಬೇರೆ. ಪೇಟೆಯಿಂದ ಕಟ್ಟಿಸಿ ತಂದರೆ ದಾರಿಯಲ್ಲೇ ಮೆತ್ತಗಾಗುತ್ತದೆ. ಈ ಸಲ ಮಿರ್ಚಿ ಬಿಟ್ಟು, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿಯನ್ನು ಮಧ್ಯಾಹ್ನವೇ ಕರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿಟ್ಟೆ. ಗಿರ್ಮಿಟ್ಟಿಗೂ ಆಯಿತು, ಮೊಸರನ್ನಕ್ಕೂ ಆಯಿತು.

ಸಿಹಿಗೆ ಮಾದಲಿ, ಗೋಧಿ ಬೆಲ್ಲದ ಪುಡಿ ಸಿಹಿ. ಅವ್ವ ನಾಲ್ಕು ದಿನ ಮೊದಲೇ ಮಾಡಿ ಕಳಿಸಿದ್ದಳು. ಅದರ ಮೇಲೆ ಬಿಸಿ ಹಾಲು, ತುಪ್ಪ ಬೇಕಲ್ಲ. ಹಾಲನ್ನು ಸಂಜೆ ಆರಕ್ಕೆ ಕಾಯಿಸಿ ಎರಡು ದೊಡ್ಡ ಥರ್ಮಾಸಿಗೆ ತುಂಬಿದೆ. ಅವತ್ತು ಕಡೆಯ ಸಲ ಗ್ಯಾಸ್ ಹಚ್ಚಿದ್ದು ಅದಕ್ಕೇ. ಚಹಾಕ್ಕೆ ಮಾತ್ರ ಗಟ್ಟಿಯಾಗಿ ಇಲ್ಲ ಅಂದೆ. ಒಬ್ಬರಿಗೆ ಚಹಾ ಇಟ್ಟರೆ ಮುಗಿಯಿತು, ಒಬ್ಬರಿಗೆ ಸಕ್ಕರೆ ಇಲ್ಲದ್ದು, ಒಬ್ಬರಿಗೆ ಅರ್ಧ ಕಪ್ಪು, ಮನೆಯವಳ ಪಾರ್ಟಿ ಅಲ್ಲಿಗೆ ಖಲಾಸ್. ನಳ ಇರುವ ಡ್ರಮ್ಮಿನಲ್ಲಿ ಶುಂಠಿ, ಕರಿಬೇವು, ಇಂಗು ಹಾಕಿದ ಮಜ್ಜಿಗೆ ಇಟ್ಟೆ. ಚಹಾ ಇಲ್ಲದೆ ಕೈಕಾಲು ಆಡುವುದಿಲ್ಲ ಅನ್ನುವ ನಮ್ಮ ಕಾಕಾನೇ ಮೂರು ಗ್ಲಾಸು ಕುಡಿದರು.

ಊಟಕ್ಕಿಂತ ಹೆಚ್ಚು ಲೆಕ್ಕ ಹಾಕಿದ್ದು ನೀರಿನದು. ನಮ್ಮ ಓಣಿಗೆ ಮಲಪ್ರಭೆಯ ನೀರು ಬರುವುದು ಐದಾರು ದಿನಕ್ಕೊಮ್ಮೆ. ಹಾಗಾಗಿ ಮೊದಲು ನೀರಿನ ಸರದಿ ನೋಡಿ, ಅದರ ಮರುದಿನಕ್ಕೆ ಪಾರ್ಟಿ ಇಟ್ಟುಕೊಂಡೆ. ಮದುವೆಯ ತಾರೀಕಿಗಿಂತ ಎರಡು ದಿನ ಮುಂದೆ ಹೋಯಿತು, ಯಜಮಾನರು ಮುಖ ಸಣ್ಣದು ಮಾಡಿದರು, ಆದರೆ ಟ್ಯಾಂಕರ್ ತರಿಸುವುದು ತಪ್ಪಿತು. ಸ್ಟೀಲ್ ತಾಟು ತೊಳೆಯಲಿಕ್ಕೆ ಏನಿಲ್ಲ ಅಂದರೂ ಎಂಟು ಹತ್ತು ಕೊಡ ನೀರು ಬೇಕು. ಮುತ್ತಲ ಎಲೆಯ ಪತ್ರಾವಳಿ ತಂದೆ. ಎಣ್ಣೆಗಾಯಿಯ ಎಣ್ಣೆ ಸೋರದ ಹಾಗೆ ಎರಡೆರಡು ಸೇರಿಸಿ ಕೊಡಬೇಕು, ಅದೊಂದು ನೆನಪಿಡಿ.

ಕೂಡಲಿಕ್ಕೆ ಅತ್ತೆಯ ಕಾಲದ ನವಲಗುಂದದ ಜಮಖಾನೆ ಎರಡು, ಮೊಣಕಾಲು ನೋವಿನವರಿಗೆ ಬಾಡಿಗೆ ಕುರ್ಚಿ ಇಪ್ಪತ್ತೈದು. ಕುರ್ಚಿಯನ್ನು ಸಾಲಾಗಿ ಇಡಬೇಡಿ, ಮಂದಿ ಸಭೆಗೆ ಬಂದ ಹಾಗೆ ಮುಂದೆ ನೋಡುತ್ತ ಕೂತುಬಿಡುತ್ತಾರೆ. ನಾಲ್ಕು ನಾಲ್ಕು ಎದುರುಬದುರು ಇಟ್ಟೆ. ಊಟದ ಮೇಜನ್ನು ಗೋಡೆಗೆ ಹಚ್ಚದೆ ನಡುವೆ ಇಟ್ಟಿದ್ದರಿಂದ ಎರಡೂ ಬದಿಯಿಂದ ನೀಡಿಕೊಂಡರು, ಸಾಲೇ ನಿಲ್ಲಲಿಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ರೊಟ್ಟಿ 900, ಕಾಯಿಪಲ್ಯ ಸುಮಾರು 600, ಹಾಲು ಮೊಸರು ತುಪ್ಪ ಸಾವಿರದ ಹತ್ತಿರ, ಶೇಂಗಾ ಕಾಳುಕಡಿ ಎಣ್ಣೆ 900, ಗಿರ್ಮಿಟ್ಟಿನ ಸಾಮಾನು 500, ಪತ್ರಾವಳಿ ಕುರ್ಚಿ ಸೇರಿ 550. ಕೆಲಸಕ್ಕೆ ಬರುವ ಅಕ್ಕನಿಗೆ ಹೆಚ್ಚಿಗೆ ಕೊಟ್ಟದ್ದು 500. ಹೋಗುವಾಗ ಎಲ್ಲರ ಕೈಗೆ ಒಂದೊಂದು ಇಡಲಿಕ್ಕೆ ಲೈನ್ ಬಜಾರಿನ ಪೇಢೆ ಒಂದು ಕಿಲೊ. ಎಲ್ಲ ಕೂಡಿಸಿ 5,500ರ ಆಚೀಚೆ. ಅವ್ವನ ಮಾದಲಿಗೆ ಬೆಲೆ ಕಟ್ಟಿಲ್ಲ.

ಉಳಿದದ್ದು ಮೂವತ್ತರ ಹತ್ತಿರ ರೊಟ್ಟಿ, ಒಂದು ಡಬ್ಬಿ ಅಗಸಿ ಚಟ್ನಿ, ಸ್ವಲ್ಪ ಮಡಕಿಕಾಳು. ರೊಟ್ಟಿ ಕೆಡುವುದಲ್ಲ, ಚಟ್ನಿಯೂ ಅಷ್ಟೇ. ಮಡಕಿಕಾಳನ್ನು ಮರುದಿನ ಬೆಳಿಗ್ಗೆ ರೊಟ್ಟಿ ಮುರಿದು ಹಾಕಿ ಒಗ್ಗರಣೆ ಕೊಟ್ಟೆ, ನಾಷ್ಟಾಕ್ಕೆ ಆಯಿತು. ಬೇಸಿಗೆಯಲ್ಲಿ ಇದೇ ಪಟ್ಟಿ ನಡೆಯುತ್ತದೋ ಇಲ್ಲವೋ ಅಂತ ಏಪ್ರಿಲ್‌ನಲ್ಲಿ ಹದಿನೈದು ಮಂದಿಯನ್ನು ಕರೆದು ನೋಡುವವಳಿದ್ದೇನೆ. ಎಣ್ಣೆಗಾಯಿ ಮತ್ತು ಕಾಳು ರಾತ್ರಿಯ ಬದಲು ಬೆಳಿಗ್ಗೆ ಮಾಡಬೇಕಾದೀತು, ಮೊಸರನ್ನ ಫ್ರಿಜ್ಜಿಗೆ ಹೋಗಬೇಕಾದೀತು.