ಬಿಲ್ಡರ್‌ಗಳಿಗೆ ಸಾಲ ಕೊಡುವ ಫಂಡ್: ಸಹಿ ಹಾಕುವ ಮೊದಲು ನೋಡಬೇಕಾದದ್ದು

ಮೈಸೂರಿನ ನಿವೇಶನ ಮಾರಿ ಬಂದ ಹಣವನ್ನು ಬಿಲ್ಡರ್‌ಗಳಿಗೆ ಅಲ್ಪಾವಧಿಯ ಬ್ರಿಡ್ಜ್ ಸಾಲ (ಬೇರೆ ಹಣ ಕೈಸೇರುವವರೆಗಿನ ಸಾಲ) ಕೊಡುವ ಫಂಡೊಂದರಲ್ಲಿ ಹಾಕಲು ಅಕ್ಕ ಹೊರಟಿದ್ದಳು. ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಡತ ತಿರುವಿದವಳು ನಾನು. ಕಾಗದಗಳನ್ನು ಮೊದಲು ನನಗೆ ಕೊಡು ಎಂದೆ.

ಜಮೀನು ಕೊಳ್ಳಲು ಖಾಸಗಿ ಬಿಲ್ಡರ್‌ಗಳಿಗೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಅಂಥ ಕಡೆ ನುಗ್ಗುವುದರಿಂದಲೇ ಈ ಫಂಡ್‌ಗಳ ಬಡ್ಡಿ ಹೆಚ್ಚು. ಷೇರುಪೇಟೆ ನಿಯಂತ್ರಕ ಸೆಬಿಯ 2012ರ ನಿಯಮಗಳ ಪ್ರಕಾರ ಇವು ಪರ್ಯಾಯ ಹೂಡಿಕೆ ನಿಧಿಗಳು; ಕನಿಷ್ಠ ಹೂಡಿಕೆ 1 ಕೋಟಿ ರೂಪಾಯಿ. ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲೇ ನೋಡಬಹುದು. ಆದರೆ ನೋಂದಣಿಯಿಂದ ಸಾಲ ಗಟ್ಟಿಯಾಗುವುದಿಲ್ಲ.

ಫಂಡ್ ಕೊಟ್ಟಿರುವ ಸಾಲಗಳ ಪಟ್ಟಿ ಕೇಳಿ. ಹೊಸ ಫಂಡ್ ಆದರೆ ಅದೇ ವ್ಯವಸ್ಥಾಪಕರ ಹಿಂದಿನ ಫಂಡಿನದು. ಅದರಲ್ಲಿ ಒಂದೇ ಸಾಲವನ್ನು ಹಿಡಿದು ಬುಡದವರೆಗೆ ಹೋಗಿ. ನಾವು ಹಿಡಿದದ್ದು ಬೆಂಗಳೂರಿನ ಹೊರವಲಯದ ಒಂದು ವಸತಿ ಸಮುಚ್ಚಯವನ್ನು. ಸಾಲ ಎನ್ನುವುದು ಇಲ್ಲಿ ಸಾಮಾನ್ಯವಾಗಿ ಡಿಬೆಂಚರ್, ಅಂದರೆ ಕಂಪನಿ ಬರೆದುಕೊಡುವ ಸಾಲಪತ್ರದ ರೂಪದಲ್ಲಿರುತ್ತದೆ. ಅಡಮಾನವು ಸಾಲ ಕೊಟ್ಟವರ ಪರವಾಗಿ ಅದನ್ನು ಹಿಡಿದಿಡುವ ಡಿಬೆಂಚರ್ ಟ್ರಸ್ಟಿಯ ಹೆಸರಿನಲ್ಲಿರುತ್ತದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಬಿಲ್ಡರ್ ಕಂಪನಿಯ ಋಣಭಾರಗಳ ಪಟ್ಟಿ ತೆರೆದೆ. ಟ್ರಸ್ಟಿಯ ಹೆಸರಿಗಿಂತ ಮೂರು ವರ್ಷ ಮೊದಲೇ ಒಂದು ಹಣಕಾಸು ಕಂಪನಿಯ ಹೆಸರಿತ್ತು. ತೀರುವಳಿಯ ದಿನಾಂಕದ ಜಾಗ ಖಾಲಿ. ಬೇರೆ ಆಸ್ತಿಯ ಮೇಲಿನ ಸಾಲವಿರಬಹುದೆಂದು ಶುಲ್ಕ ಕಟ್ಟಿ ಮೂಲ ನಮೂನೆಯನ್ನೂ ತೆಗೆಸಿದೆ. ಸರ್ವೆ ನಂಬರ್ ಅದೇ! ಆ ಸಾಲ ತೀರಿರದಿದ್ದರೆ ವಸೂಲಿಯ ಸರದಿಯಲ್ಲಿ ಅಕ್ಕನ ಹಣ ಎರಡನೆಯದು.

ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಜಮೀನಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಆದರೆ ಹಕ್ಕುಪತ್ರಗಳನ್ನು ಬರೀ ಒಪ್ಪಿಸಿ ಮಾಡಿದ ಅಡಮಾನ ನೋಂದಣಿಯಾಗದಿದ್ದರೆ ಅದರಲ್ಲಿ ಕಾಣಿಸುವುದಿಲ್ಲ. ಅದಕ್ಕಾಗಿ ಅಡಮಾನಗಳ ಕೇಂದ್ರೀಯ ನೋಂದಣಿ ಸಂಸ್ಥೆಯಾದ ಸೆರ್ಸೈ (CERSAI) ದಾಖಲೆಯನ್ನೂ ಹುಡುಕಬೇಕು.

ಇನ್ನು, ಸಾಲ ತೀರುವುದು ಯಾವ ಹಣದಿಂದ? ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವುದು ಈ ಪ್ರಶ್ನೆಯ ಮುಂದೆ. ಮನೆಗಳ ಮಾರಾಟದಿಂದ ಎಂದರೆ, ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದ ತ್ರೈಮಾಸಿಕ ವಿವರದಲ್ಲಿ ಎಷ್ಟು ಮನೆ ಬುಕ್ ಆಗಿವೆ ನೋಡಿ. ಖರೀದಿದಾರರು ಕೊಡುವ ಹಣದ ಶೇ 70 ಪ್ರತ್ಯೇಕ ಖಾತೆಗೆ ಹೋಗಬೇಕು. ಅದು ಆ ಯೋಜನೆಯ ನಿರ್ಮಾಣ ಮತ್ತು ಜಮೀನಿನ ವೆಚ್ಚಕ್ಕೆ ಮೀಸಲು; ಬಿಲ್ಡರ್ ಮನಬಂದಂತೆ ಸಾಲ ತೀರಿಸಲು ತೆಗೆಯುವಂತಿಲ್ಲ. ಇನ್ನೊಂದು ಸಾಲ ತಂದು ತೀರಿಸುತ್ತಾರೆ ಎಂದರೆ ನಾನು ಅದನ್ನು ತೀರುವಳಿ ಎಂದು ಒಪ್ಪುವುದಿಲ್ಲ. ಗಡುವು ವಿಸ್ತರಿಸಿದ ಸಾಲಗಳೆಷ್ಟು, ಬಡ್ಡಿಯನ್ನು ಅಸಲಿಗೆ ಸೇರಿಸಿದ ಸಾಲಗಳೆಷ್ಟು ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ. ಹೀಗೆ ಮಾಡಿದರೆ ಸುಸ್ತಿ ಮರೆಯಾಗಬಹುದು; ಸುಸ್ತಿ ಸಾಲ ಒಂದೂ ಇಲ್ಲ ಎನ್ನುವವರ ಹತ್ತಿರ ಇದನ್ನು ಕೇಳಲೇಬೇಕು.

ಫಂಡಿನ ಅವಧಿಯೂ ಕನಿಷ್ಠ ಮೂರು ವರ್ಷ. ಮೌಲ್ಯದ ಲೆಕ್ಕದಲ್ಲಿ ಮೂರನೇ ಎರಡರಷ್ಟು ಹೂಡಿಕೆದಾರರು ಒಪ್ಪಿದರೆ ಮತ್ತೆ ಎರಡು ವರ್ಷದವರೆಗೆ ಮುಂದೆ ಹೋಗಬಹುದು. ಮಗಳ ಮದುವೆಗೆ ಬೇಕಾದ ಹಣ ಇಲ್ಲಿಗೆ ಸಲ್ಲದು.

ಹಳೆಯ ಋಣ ತೀರಿದ ಪತ್ರ ಕಳಿಸಿ ಎಂದು ಅಕ್ಕ ಫಂಡಿನವರಿಗೆ ಬರೆದಳು. ಬಂದ ಉತ್ತರದಲ್ಲಿ ಪತ್ರ ಇರಲಿಲ್ಲ, ಹಣ ಕಟ್ಟಲು ಕೊನೆಯ ದಿನಾಂಕವಿತ್ತು. ಅವಳು ಸಹಿ ಹಾಕಲಿಲ್ಲ.