ಗದ್ದೆಯ ನೀರು ಬಸಿಯುವ ಮುನ್ನ ಮಣ್ಣಿನ ಹುಳಿ ನೋಡಿ

ಕಾರ್ಖಾನೆಯ ಅಥವಾ ಚರಂಡಿಯ ನೀರು ಸೇರುವ ಗದ್ದೆಯವರು ದಯವಿಟ್ಟು ಗಮನಿಸಬೇಕು. ಹುಳಿ ಮಣ್ಣಿನಲ್ಲಿ ತೆನೆ ಬರುವ ಹೊತ್ತಿಗೆ ನೀರು ಬಸಿದು ಬೆರಳು ತೂರುವಷ್ಟು ಬಿರುಕು ಬಿಟ್ಟರೆ, ಅದುವರೆಗೆ ಗಂಧಕದೊಡನೆ ಗಟ್ಟಿಯಾಗಿ ಕೂಡಿಕೊಂಡಿದ್ದ ಕ್ಯಾಡ್ಮಿಯಂ ಎಂಬ ವಿಷಲೋಹ ಕರಗಿ ಬೇರಿನ ಮೂಲಕ ಕಾಳು ಸೇರುತ್ತದೆ. ಜಪಾನಿನ ಜಿಂಜು ನದಿ ಬಯಲಿನಲ್ಲಿ ಕ್ಯಾಡ್ಮಿಯಂ ಬೆರೆತ ಗಣಿಯ ನೀರು ಹರಿದ ಗದ್ದೆಗಳ ಅಕ್ಕಿಯನ್ನು ಉಂಡವರ ಮೂಳೆಗಳು ಸವೆದು ಮುರಿದದ್ದನ್ನು ಅಲ್ಲಿನ ಸರ್ಕಾರ 1968ರಲ್ಲಿ ಮಾಲಿನ್ಯದ ಕಾಯಿಲೆಯೆಂದೇ ಒಪ್ಪಿಕೊಂಡಿತು. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ (ಮಣ್ಣಿನ ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ರ ಆಸುಪಾಸಿಗೆ ಬರುವಂತೆ ಸುಣ್ಣ ಹಾಕಿ, ತೆನೆ ಹೊರಡುವ 3 ವಾರ ಮುಂಚಿನಿಂದ 3 ವಾರ ನಂತರದವರೆಗೆ ಗದ್ದೆಯಲ್ಲಿ ತೆಳುವಾಗಿ ನೀರು ನಿಂತಿರುವಂತೆ ನೋಡಿಕೊಳ್ಳಿ. ಆದರೆ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವಲ್ಲಿ ನೀರು ನಿಲ್ಲಿಸುವ ಇದೇ ಉಪಾಯ ತಿರುಗುಬಾಣವಾಗುತ್ತದೆ, ಏಕೆಂದರೆ ಗಾಳಿಯಾಡದ ಕೆಸರಿನಲ್ಲಿ ಕಬ್ಬಿಣದ ತುಕ್ಕು ಕರಗಿ ಅದಕ್ಕಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಅಂಥಲ್ಲಿ ಆಗಾಗ ನೀರು ಬಸಿದು ಗದ್ದೆಗೆ ಗಾಳಿಯಾಡಿಸುವುದೇ ಸರಿ.